ಗೀಜಗನ ಗಟ್ಟಿ ಗೂಡು

ಬಾವಿಯ ಮೇಲೆ ಬಾಗಿದ ಜಾಲಿ ಮರದಲ್ಲಿ ಗಂಡು ಗೀಜಗಗಳು ಅರ್ಧ ಗೂಡು ಹೆಣೆದು, ರೆಕ್ಕೆ ಬಡಿದು ಹೆಣ್ಣುಗಳನ್ನು ಕರೆಯುತ್ತಿದ್ದವು. ಹೆಣ್ಣು ಒಪ್ಪಿದರೆ ಮಾತ್ರ ಉಳಿದರ್ಧ ಹೆಣೆಯುವುದು ಅವುಗಳ ಪದ್ಧತಿ.

ಹೆಣ್ಣೊಂದು ಬಂದು ಮೊದಲ ಗೂಡನ್ನು ಕೊಕ್ಕಿನಿಂದ ಜಗ್ಗಿತು. ಎಳೆ ಕಿತ್ತು ಬಂತು.

"ಬಿಚ್ಚಿ ಮತ್ತೆ ಹೆಣೆಯುತ್ತೇನೆ. ಮರಿಗಳಾದ ಮೇಲೂ ಜೊತೆಗಿರುತ್ತೇನೆ," ಎಂದಿತು ಆ ಗೂಡಿನ ಗಂಡು.

"ಮಾತಿನ ಮೇಲೆ ಮೊಟ್ಟೆ ಇಡಲಾಗುತ್ತದೆಯೇ?" ಎಂದು ಹೆಣ್ಣು ಪಕ್ಕದ ಕೊಂಬೆಗೆ ಹಾರಿತು.

ಅಲ್ಲಿಯ ಗೂಡು ಎಷ್ಟು ಜಗ್ಗಿದರೂ ಜಪ್ಪೆನ್ನಲಿಲ್ಲ. ಹೆಣ್ಣು ಒಪ್ಪಿತು. ಗೂಡು ಪೂರ್ತಿಯಾಯಿತು, ಮೊಟ್ಟೆಗಳಾದವು. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಗಂಡು ಆಚೆ ಕೊಂಬೆಯಲ್ಲಿ ಇನ್ನೊಂದು ಅರ್ಧ ಗೂಡು ಹೆಣೆದಿತ್ತು.

"ಇದೇನಿದು? ಈ ಮರಿಗಳ ಗತಿ?" ಎಂದಿತು ಹೆಣ್ಣು.

"ನೀನು ಜಗ್ಗಿ ನೋಡಿದ್ದು ಗೂಡನ್ನು. ಅದೇನಾದರೂ ಹರಿದಿದೆಯೇ? ನನ್ನನ್ನು ಏನೂ ಕೇಳಲಿಲ್ಲವಲ್ಲ!" ಎಂದಿತು ಗಂಡು.

ಅಂದಿನಿಂದ ಹೆಣ್ಣು ಒಂಟಿಯಾಗಿಯೇ ಹುಳು ಹುಡುಕಿ ತರತೊಡಗಿತು. ಮೊದಲ ಗಂಡಿನ ಮಾತು ಆಗಾಗ ನೆನಪಾಗುತ್ತಿತ್ತು. ಒಂದು ದಿನ ಹಿಂತಿರುಗುವಾಗ ನೋಡುತ್ತದೆ, ಎಳೆಯ ಹೆಣ್ಣೊಂದು ಆ ಹೊಸ ಗೂಡನ್ನು ಜಗ್ಗುತ್ತಿದೆ. 'ಗೂಡನ್ನಲ್ಲ ತಂಗಿ, ಅವನನ್ನು ಜಗ್ಗಿ ನೋಡು' ಎಂದು ಕೂಗಬೇಕೆನಿಸಿತು.

ಬಾಯಲ್ಲಿ ಹುಳುವಿತ್ತು. ಗೂಡಿನೊಳಗೆ ಮರಿಗಳು ಹಸಿದು ಚೀರುತ್ತಿದ್ದವು.