ಪಾಲಯ್ಯ ಎಳೆದ ಗೆರೆ

ಎಂಥ ಜಗಳವಾದರೂ ಸರಿ, ನಡುವೆ ಒಂದು ಗೆರೆ ಎಳೆದರೆ ಮುಗಿಯುತ್ತದೆ ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು.

ಎಲ್ಲರೂ ಎಂದರೆ, ಕಾಡಿನ ನಡುವಿನ ದೊಡ್ಡ ಮತ್ತಿ ಮರದ ಬುಡದಲ್ಲಿದ್ದ ಹನ್ನೆರಡು ಗೂಡುಗಳ ಕೆಂಪಿರುವೆಗಳು. ಆರು ಗೂಡು ಬಡಗಣಕ್ಕೆ, ಆರು ತೆಂಕಣಕ್ಕೆ, ಹನ್ನೆರಡೂ ಸೇರಿ ಒಂದೇ ನಾಡು. ಒಂದೇ ನಾಡು ಎಂದು ಅವು ದಿನಕ್ಕೆ ಮೂರು ಸಲ ಹೇಳಿಕೊಳ್ಳುತ್ತಿದ್ದವು. ಮಕ್ಕಳೇ, ಯಾರಾದರೂ ಒಂದು ಮಾತನ್ನು ದಿನಕ್ಕೆ ಮೂರು ಸಲ ಹೇಳಿದರೆ ಸ್ವಲ್ಪ ಅನುಮಾನಪಡಿ.

ಆ ನಾಡಿಗೆಲ್ಲ ನ್ಯಾಯ ಹೇಳುವವನು ಮುದಿ ಪಾಲಯ್ಯ. ಅವನ ವಿದ್ಯೆ ಒಂದೇ. ಒಂದು ಸತ್ತ ಜೀರುಂಡೆಗೆ ಎರಡು ಗೂಡಿನವರು ಕಿತ್ತಾಡಿದರೆ ಪಾಲಯ್ಯ ಬಂದು, ಹೊಟ್ಟೆಯ ತುದಿಯನ್ನು ನೆಲಕ್ಕೊತ್ತಿ, ನಡುವೆ ವಾಸನೆಯ ಗೆರೆ ಎಳೆಯುತ್ತಿದ್ದ. ಆಚೆ ನಿನ್ನದು, ಈಚೆ ಇವನದು. ಇಬ್ಬರೂ ಗೊಣಗಿಕೊಂಡು ಅರ್ಧರ್ಧ ಹೊತ್ತು ಹೋಗುತ್ತಿದ್ದರು. ಇಬ್ಬರೂ ಗೊಣಗಿದರೆ ನ್ಯಾಯ ಸರಿಯಾಗಿದೆ ಎಂದು ಪಾಲಯ್ಯನ ಲೆಕ್ಕ. ಜೀರುಂಡೆಯ ಮಟ್ಟಿಗೆ ಅದು ನಿಜವೂ ಹೌದು.

ತೆಂಕಣದ ಗೂಡುಗಳು ನೋಡಬೇಕಾದಂಥವು. ಎಮ್ಮೆಯ ಮೊಣಕಾಲಿನಷ್ಟು ಎತ್ತರ, ಒಳಗೆ ಸಾವಿರ ಕೋಣೆ, ಮಳೆಗೆ ಒಂದು ಹನಿಯೂ ಸೋರದ ಸೂರು. ಅವನ್ನು ಕಟ್ಟಿದ್ದು ತೆಂಕಣದವರಲ್ಲ, ಅವರ ಆಳುಗಳಾದ ಕಪ್ಪಿರುವೆಗಳು. ಮೊಟ್ಟೆಯೊಳಗಿದ್ದಾಗಲೇ ಅವನ್ನು ಅವುಗಳ ಗೂಡಿನಿಂದ ಕದ್ದು ತರುತ್ತಿದ್ದರು. ಮೊಟ್ಟೆಯೊಡೆದು ಬಂದ ಕಪ್ಪಿರುವೆಗೆ ಮೊದಲು ಕಾಣುತ್ತಿದ್ದದ್ದು ಒಡೆಯನ ಮುಖ, ಆಮೇಲೆ ಮಣ್ಣಿನ ಹೊರೆ.

ಬಡಗಣದವರು ಆಳು ಇಟ್ಟುಕೊಳ್ಳುತ್ತಿರಲಿಲ್ಲ. ಅವರೇನು ಪುಣ್ಯವಂತರಲ್ಲ. ಅವರದು ಕಲ್ಲುನೆಲ, ಆಳಿನ ಹೊಟ್ಟೆಗೆ ಹಾಕುವಷ್ಟು ಕಾಳು ಅಲ್ಲಿ ಸಿಗುತ್ತಿರಲಿಲ್ಲ. ತೆಂಕಣದಿಂದ ಬಂದ ಕಾಳನ್ನು ಮಾತ್ರ, ಅದನ್ನು ಹೊತ್ತವರು ಯಾರು ಎಂದು ಕೇಳದೆ ತಿನ್ನುತ್ತಿದ್ದರು. ಇನ್ನು ಹನ್ನೆರಡು ಗೂಡುಗಳ ಒಡಂಬಡಿಕೆಯಲ್ಲಿ ‘ಆಳು’ ಎಂಬ ಮಾತೇ ಇರಲಿಲ್ಲ. ‘ಮಿಕ್ಕವರು’ ಎಂದಿತ್ತು. ಒಡಂಬಡಿಕೆ ಮಾಡಿದವರಿಗೆ ನಾಚಿಕೆ ಗೊತ್ತಿತ್ತು, ಅದಕ್ಕೆ ಬೇರೆ ಹೆಸರಿಡುವುದೂ ಗೊತ್ತಿತ್ತು.

ಒಂದು ಮಳೆಗಾಲ ಪಡುವಲಿನ ಮುದಿ ಮರಗಳು ಉರುಳಿದವು. ಕಾಡಿನ ನಡುವೆ ಬಿಸಿಲು ಬೀಳುವ ಬಯಲು ತೆರೆಯಿತು, ಹುಲ್ಲುಬೀಜ ರಾಶಿ ರಾಶಿ. ಅಲ್ಲಿ ಹೊಸ ಗೂಡು ಕಟ್ಟಬೇಕೆಂದು ಎರಡೂ ಕಡೆಯವರು ಹೊರಟರು. ಆಳುಗಳೊಡನೆ ಕಟ್ಟುವುದೋ, ಆಳಿಲ್ಲದೆ ಕಟ್ಟುವುದೋ ಎಂಬಲ್ಲಿ ಜಗಳ ಹತ್ತಿತು. ಪಾಲಯ್ಯ ಹೋಗಿ ಬಯಲಿನ ನಡುವೆ ಗೆರೆ ಎಳೆದ. ತೆಂಕಲಿಗೆ ಆಳು ಇರಲಿ, ಬಡಗಲಿಗೆ ಬೇಡ. ಎರಡೂ ಕಡೆಯವರು ಗೊಣಗಿದರು. ಪಾಲಯ್ಯ ನೆಮ್ಮದಿಯಿಂದ ಮನೆಗೆ ಬಂದ.

ಮರುವರ್ಷ ಮತ್ತೊಂದು ಬಯಲು, ಮತ್ತೊಂದು ಗೆರೆ. ಅದರ ಮರುವರ್ಷ ಗೆರೆ ಎಲ್ಲಿದೆ ಎಂಬುದಕ್ಕೇ ಜಗಳ, ಅದಕ್ಕೊಂದು ಗೆರೆ. ಔಷಧ ಹಿಡಿಯದಿದ್ದಾಗ ಪಾಲಯ್ಯ ಔಷಧ ಬದಲಿಸಲಿಲ್ಲ, ಅದನ್ನೇ ಹೆಚ್ಚು ಕೊಟ್ಟ.

ಹೀಗಿರುವಾಗ ಕಾಡಿಗೆ ಎಂಬ ಕಪ್ಪಿರುವೆ ಬಡಗಣಕ್ಕೆ ಓಡಿಬಂದಳು. ಆರು ಕಾಲಿನಲ್ಲಿ ಒಂದು ಇರಲಿಲ್ಲ. ಅಲ್ಲಿನ ಒಂದು ಗೂಡಿನ ಯಜಮಾನಿ ಚುರುಕಮ್ಮನ ಬಾಗಿಲಿಗೆ ಹೋಗಿ ಕೆಲಸ ಕೇಳಿದಳು. ಹೊರುವುದು ಅವಳಿಗೆ ಬೇಸರವಿರಲಿಲ್ಲ, ಹೊತ್ತದ್ದನ್ನು ಯಾರ ಮನೆಯಲ್ಲಿ ಇಳಿಸಬೇಕೆಂದು ತಾನೇ ಹೇಳಬೇಕು, ಅಷ್ಟೇ. ಚುರುಕಮ್ಮ ಕೆಲಸ ಕೊಟ್ಟಳು.

ಮೂರನೆಯ ದಿನ ತೆಂಕಣದ ಮುಖಂಡ ದವಡೆರಾಯ ಪಾಲಯ್ಯನನ್ನು ಕರೆದುಕೊಂಡು ಬಂದ. ಅವನ ದವಡೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಓಡಿಹೋದ ಮಿಕ್ಕವರನ್ನು ಹಿಡಿದು ಒಪ್ಪಿಸಬೇಕು ಎಂದು ಒಡಂಬಡಿಕೆಯಲ್ಲೇ ಇದೆಯೆಂದ. ಒಪ್ಪಿಸದಿದ್ದರೆ ತೆಂಕಣದ ಆರು ಗೂಡು ನಾಡಿನಿಂದ ಹೊರಗೆ ಹೋಗುತ್ತವೆ ಎಂದ.

“ಮೊಟ್ಟೆಯಿಂದ ಸಾಕಿದವರು ನಾವು, ಪಾಲಯ್ಯನವರೇ,” ಎಂದ. “ನಾವು ಇಲ್ಲದಿದ್ದರೆ ಇವಳು ಇರುತ್ತಿದ್ದಳೇ?”

“ಇರುತ್ತಿದ್ದಳು. ಅವಳ ತಾಯಿಯ ಮನೆಯಲ್ಲಿ,” ಎಂದಳು ಚುರುಕಮ್ಮ.

“ಕಾಳು ತಿನ್ನುವಾಗ ಈ ಬಾಯಿ ಎಲ್ಲಿತ್ತಮ್ಮ?”

ಪಾಲಯ್ಯ ಇಬ್ಬರನ್ನೂ ಸುಮ್ಮನಿರಿಸಿ ತೀರ್ಪು ಕೊಟ್ಟ. ಕಾಡಿಗೆಯನ್ನು ತೆಂಕಣಕ್ಕೆ ಒಪ್ಪಿಸಬೇಕು. ಅದಕ್ಕೆ ಬದಲಾಗಿ ಹೊಸ ಬಯಲೊಂದನ್ನು ತೆಂಕಣದವರು ಬಿಟ್ಟುಕೊಡಬೇಕು. ಅರ್ಧ ಇವರ ಮಾತು, ಅರ್ಧ ಅವರ ಮಾತು.

“ಅಯ್ಯಾ,” ಎಂದಳು ಕಾಡಿಗೆ, “ನೀವು ಜೀರುಂಡೆ ಪಾಲು ಮಾಡಿದ್ದನ್ನು ನಾನು ನೋಡಿದ್ದೇನೆ. ಅದು ಸತ್ತಿತ್ತು. ನಾನಿನ್ನೂ ಸತ್ತಿಲ್ಲ.”

ತೀರ್ಪು ಬದಲಾಗಲಿಲ್ಲ.

ಒಡಂಬಡಿಕೆಯ ಪ್ರಕಾರ ಅವಳನ್ನು ಒಪ್ಪಿಸಬೇಕಾದವರು ಬಡಗಣದ ಕಾವಲಿನವರೇ. ನಡುಹಗಲಲ್ಲಿ ಅವಳನ್ನು ನಡೆಸಿಕೊಂಡು ಹೋದರು. ಆರು ಗೂಡುಗಳ ಇರುವೆಗಳೂ ಕೆಲಸ ಬಿಟ್ಟು ಹೊರಬಂದು ದಾರಿಯ ಇಕ್ಕೆಲದಲ್ಲಿ ನಿಂತವು. ಲಕ್ಷ ಇರುವೆ ನಿಂತಿದ್ದವು, ಒಂದು ಮೀಸೆಯೂ ಅಲುಗಲಿಲ್ಲ. ನಡುವೆ ಐದು ಕಾಲಿನ ಒಂದು ಕಪ್ಪು ಚುಕ್ಕೆ, ಎಡಕ್ಕೆ ವಾಲುತ್ತ, ತಲೆ ಎತ್ತಿಕೊಂಡು ನಡೆಯುತ್ತಿತ್ತು. ಅಷ್ಟು ದೊಡ್ಡ ಮೌನವನ್ನು ಪಾಲಯ್ಯ ಹುಟ್ಟಿದ ಮೇಲೆ ಕೇಳಿರಲಿಲ್ಲ. ಇಷ್ಟು ದಿನ ಬಡಗಣದವರು ನೋಡಿದ್ದು ಕಾಳನ್ನು ಮಾತ್ರ. ಇಂದು ಹೊರೆ ಹೊತ್ತವಳನ್ನು ನೋಡಿದರು.

ಆ ದಿನದಿಂದ ಯಾರೂ ಗೊಣಗಲಿಲ್ಲ. ಗೊಣಗದೆ ಇರುವುದು ಎಂಥ ಅಪಾಯ ಎಂದು ಪಾಲಯ್ಯನಿಗೆ ತಿಳಿಯಲಿಲ್ಲ.

ಬಡಗಣದವರು ಇನ್ನು ಯಾರನ್ನೂ ಹಿಡಿದು ಒಪ್ಪಿಸುವುದಿಲ್ಲ ಎಂದರು. ಮುಂದಿನ ಬಯಲುಗಳಲ್ಲಿ ಆಳು ಕೂಡದು ಎಂದ ಚುರುಕಮ್ಮನನ್ನೇ ಇಡೀ ನಾಡಿಗೆ ಮುಖ್ಯಸ್ಥೆ ಮಾಡಿದರು. ತೆಂಕಣದ ಆರು ಗೂಡುಗಳು ತಮ್ಮದು ಬೇರೆ ನಾಡು ಎಂದು ಸಾರಿದವು. ಎರಡೂ ಕಡೆ ಕಾಳು ತರುವ ಇರುವೆಗಳು ಕಾಳು ಬಿಟ್ಟು ದವಡೆ ಮಸೆಯತೊಡಗಿದವು.

ಪಾಲಯ್ಯನಿಗೆ ಉಳಿದಿದ್ದ ಆಸೆ ಒಂದೇ, ಈ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಚ್ಚಿ ಸಾಯಬಾರದು. ಅವನು ತನ್ನ ಬಾಳಿನ ಅತಿ ದೊಡ್ಡ ಗೆರೆ ಎಳೆಯಲು ಹೊರಟ. ಮತ್ತಿ ಮರದ ಬೇರಿನಿಂದ ಹಳ್ಳದ ದಡದವರೆಗೆ, ಬಡಗಣ ತೆಂಕಣಗಳ ನಡುವೆ, ಯಾರೂ ದಾಟಲಾರದಷ್ಟು ಘಾಟು ವಾಸನೆಯ ಗೆರೆ. ಮೂರು ಹಗಲು ಹೊಟ್ಟೆ ಎಳೆದ. ಎಳೆದು ಮುಗಿಸಿ, ಹಿಂದಿರುಗಿ, ಗೆರೆಯ ನಟ್ಟನಡುವೆ ನಿಂತು ಉಸಿರು ಬಿಟ್ಟ.

ಆಗ ನೆಲ ನಡುಗಿತು.

ಬೇರಿನ ಕಡೆಯಿಂದ ಬಡಗಣದ ದಂಡು ಬರುತ್ತಿತ್ತು. ಹಳ್ಳದ ಕಡೆಯಿಂದ ತೆಂಕಣದ ದಂಡು. ಎರಡು ಕೆಂಪು ಹೊಳೆಗಳು ಎದುರುಬದುರು ಹರಿದು ಬಂದಂತಿತ್ತು. ಒಣ ಎಲೆಗಳು ಅವುಗಳ ಅಡಿಯಲ್ಲಿ ಮಳೆ ಬಿದ್ದಂತೆ ಸದ್ದು ಮಾಡುತ್ತಿದ್ದವು. ಮರದ ಮೇಲಿನ ಹಕ್ಕಿಗಳು ಸುಮ್ಮನಾಗಿ ಕೆಳಗೆ ನೋಡಿದವು. ಇಷ್ಟೊಂದು ಇರುವೆ ಈ ಭೂಮಿಯ ಮೇಲಿದೆಯೆಂದು ಪಾಲಯ್ಯ ಕನಸಿನಲ್ಲೂ ಎಣಿಸಿರಲಿಲ್ಲ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅದೇ ಬಣ್ಣ, ಅದೇ ನಡಿಗೆ, ಅದೇ ಮುಖ. ಯಾರು ಯಾರೆಂದು ಹೇಳಲು ಅವನಿಗೂ ಆಗಲಿಲ್ಲ.

“ಗೆರೆ ದಾಟಬೇಡಿ,” ಎಂದು ಅವನು ಕೂಗಿದ.

“ದಾಟುತ್ತಿಲ್ಲ ತಾತ,” ಎಂದ ಮುಂದಿನ ಸಾಲಿನ ಒಬ್ಬ ದಂಡಾಳು. “ದಾರಿ ಬಿಡು.”

ಅಷ್ಟು ಹೊತ್ತಿಗೆ ತೆಂಕಣದ ಗೂಡುಗಳಲ್ಲಿ ಕಾವಲಿಗೆ ಒಬ್ಬನೂ ಉಳಿದಿರಲಿಲ್ಲ. ಕಾಡಿಗೆ ತಲೆಯ ಮೇಲಿನ ಮಣ್ಣನ್ನು ಅರ್ಧ ಕಟ್ಟಿದ ಗೋಡೆಯ ಬಳಿ ಇಳಿಸಿದಳು. ಹೊರಗೆ ನಡೆದಳು. ಅವಳ ಹಿಂದೆ ಒಂದು, ಆಮೇಲೆ ಹತ್ತು, ಆಮೇಲೆ ಎಣಿಸಲಾಗದಷ್ಟು ಕಪ್ಪಿರುವೆಗಳು ಹೊರಬಂದವು. ದಂಡು ಸಾಗಿಹೋದ ಜಾಗದಲ್ಲಿ ಆ ಗೆರೆಯನ್ನು ಅಡ್ಡ ದಾಟಿ ಅವರು ಹೋದರು. ತಡೆಯಲು ಯಾರೂ ಇರಲಿಲ್ಲ.

ಪಾಲಯ್ಯ ಅದನ್ನು ನೋಡಲಿಲ್ಲ. ಎರಡು ದಂಡುಗಳ ಮೊದಲ ದವಡೆಗಳು ತನ್ನ ಎರಡು ಪಕ್ಕದಲ್ಲಿ ತೆರೆದುಕೊಂಡಾಗ ಅವನು ನೋಡಿದ್ದು ತನ್ನ ಕಾಲ ಕೆಳಗಿನ ನೆಲವನ್ನು. ಎರಡೂ ದಂಡುಗಳನ್ನು ನೆಟ್ಟಗೆ, ಒಂದು ಹೆಜ್ಜೆ ತಪ್ಪದಂತೆ, ಒಂದರ ಎದುರಿಗೊಂದು ತಂದು ನಿಲ್ಲಿಸಿದ್ದು ಅವನ ಗೆರೆಯೇ.

ಇರುವೆಗೆ ವಾಸನೆಯ ಗೆರೆ ಬೇಲಿಯಲ್ಲ, ದಾರಿ.

ನೀತಿ: ಅನ್ಯಾಯವನ್ನು ಎರಡು ಪಾಲು ಮಾಡಿದರೆ ಎರಡು ಅನ್ಯಾಯ ಸಿಗುತ್ತದೆ, ಅರ್ಧ ನ್ಯಾಯವೂ ಸಿಗುವುದಿಲ್ಲ.