ಗೋರಿಬಾವಿಯ ಸಿಹಿನೀರು

ಕೊಳ್ಳೇಗಾಲದ ಕಡೆಯಿಂದ ಬಿಳಿಕಲ್ಲುಪಾಳ್ಯಕ್ಕೆ ಹೋಗುವವರಿಗೆ ಊರಿಗಿಂತ ಮೊದಲು ಕಾಣುವುದು ಆ ಬಾವಿ. ಸಂತ ಅಂತೋಣಿಯವರ ಗುಡಿಯ ಹಿಂದೆ, ಸಮಾಧಿ ಭೂಮಿಯ ಬೇಲಿಯಿಂದ ಹೊರಗೆ, ಆರಡಿ ಉದ್ದ ಮೂರಡಿ ಅಗಲಕ್ಕೆ ಅದು ಬಾಯಿ ತೆರೆದುಕೊಂಡಿದೆ. ಲೋಕದ ಬಾವಿಗಳೆಲ್ಲ ದುಂಡಗೋ ಚೌಕವೋ ಇದ್ದರೆ ಇದೊಂದು ಮಾತ್ರ ಮನುಷ್ಯನೊಬ್ಬ ಕಾಲು ಚಾಚಿ ಮಲಗುವ ಅಳತೆಗಿದೆ. ನೀರಿನ ಸಿಹಿಯನ್ನಂತೂ ಕೇಳಬೇಡಿ. ಒಬ್ಬ ವ್ಯಾಪಾರಿ ಈ ನೀರಲ್ಲಿ ಕಾಸಿದ ಬರಿ ಕಾಫಿ ಕುಡಿದು, ಬೆಲ್ಲ ಹೆಚ್ಚಾಯಿತೆಂದು ಜಗಳ ತೆಗೆದನಂತೆ. ಬಂದವರು ಎರಡು ಚೊಂಬು ಕುಡಿದು, ಮುಖ ತೊಳೆದು, ಮೂರನೆಯದನ್ನು ಬಾಯಿಗೆತ್ತುವಾಗ ಬಾವಿಯ ಹೆಸರು ಕೇಳುತ್ತಾರೆ. "ಗೋರಿಬಾವಿ" ಎನ್ನುತ್ತಾರೆ ಊರವರು, ಬಹಳ ಮರ್ಯಾದೆಯಿಂದ. ಚೊಂಬು ಅರ್ಧದಲ್ಲೇ ನಿಲ್ಲುತ್ತದೆ. "ಯಾರ ಗೋರಿ?" "ನಮ್ಮ ಇನ್ನಾಸಪ್ಪಂದು. ಯಾಕೆ ನಿಲ್ಲಿಸಿದ್ರಿ? ಕುಡೀರಿ, ಕುಡೀರಿ."

ಹಿಂದೆ ಒಮ್ಮೆ, ರೈಲು ಇನ್ನೂ ಮೈಸೂರಿಗೆ ಬರಲೋ ಬೇಡವೋ ಎಂದು ಯೋಚಿಸುತ್ತಿದ್ದ ಕಾಲದಲ್ಲಿ, ಈ ಇನ್ನಾಸಪ್ಪ ಬಾವಿ ತೋಡುವ ಕಸುಬಿನವನಾಗಿದ್ದ. ನೆಲಕ್ಕೆ ಕಿವಿಯಿಟ್ಟರೆ ಕೆಳಗಿನ ನೀರು ಸಿಹಿಯೋ ಉಪ್ಪೋ ಎಂಬುದಿರಲಿ, ಅದಕ್ಕೆ ಅಂದು ಯಾರ ಮೇಲೆ ಮುನಿಸು ಎಂಬುದನ್ನೂ ಹೇಳುತ್ತಿದ್ದನಂತೆ. ಸುತ್ತಲ ಹದಿನೆಂಟು ಹಳ್ಳಿಗೆ ನೀರು ಕೊಟ್ಟವನಿಗೆ ಸ್ವಂತ ಊರಿನಲ್ಲಿ ಮಾತ್ರ ಸಿಕ್ಕಿದ್ದೆಲ್ಲ ಕಲ್ಲು. ಮೂರನೆಯ ಸಲ ತೋಡುವಾಗ ತಮ್ಮ ಚೌರಪ್ಪ ಗುಂಡಿಯೊಳಗಿಂದ, "ಅಣ್ಣಾ, ಮಣ್ಣು ಸರಿಯಿಲ್ಲ" ಎಂದ. "ತೋಡಿಸೋದು ನಾನೋ ನೀನೋ?" ಎಂದ ಇನ್ನಾಸಪ್ಪ. ಮಣ್ಣು ಕುಸಿಯಿತು. ಚೌರಪ್ಪನ ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. "ನನ್ನ ಗುಂಡಿಗೆ ತಳ್ಳಿದವನ ಮುಖ ಇನ್ನು ನೋಡಲ್ಲ" ಎಂದ ತಮ್ಮ. ಅಣ್ಣ ಆ ಮಾತನ್ನು ದೇವರೇ ಆಡಿದನೆಂದು ತಿಳಿದ. ಅಂದಿನಿಂದ ಏಳು ವರ್ಷ ಅವನು ಗುಂಡಿಗೆ ಇಳಿಯಲಿಲ್ಲ, ಗುಡಿಯ ಮೆಟ್ಟಿಲು ಹತ್ತಲಿಲ್ಲ, ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಲಿಲ್ಲ. ಊರಾಚೆ ಕಲ್ಲು ತೆಗೆದು ಪಾಚಿನೀರು ನಿಂತ ಹೊಂಡದ ಪಕ್ಕ ಗುಡಿಸಲು ಹಾಕಿಕೊಂಡು, ಉಸಿರಾಡುವುದೊಂದನ್ನು ಬಿಟ್ಟರೆ ಸತ್ತವರ ಹಾಗೆಯೇ ಇದ್ದ. ತಮ್ಮನ ಕಾಲು ತಿಂದವನಿಗೆ ದೇವರ ಮನೆಯಲ್ಲಿ ಜಾಗವಿಲ್ಲ ಎಂಬುದು ಅವನ ತೀರ್ಮಾನ.

ಕೊನೆಗೆ ಒಂದು ವರ್ಷ, ಯೇಸು ಗೋರಿಯಿಂದ ಎದ್ದುಬಂದ ಪಾಸ್ಕ ಹಬ್ಬದ ಹಿಂದಿನ ದಿನ, ಊರನ್ನೇ ಬಿಟ್ಟು ಹೋಗುವುದೆಂದು ಅವನು ಹೊರಟ. ಹೋಗುವ ಮುನ್ನ ತನ್ನ ಹಾರೆಯನ್ನು ತಮ್ಮನ ಮನೆಯ ಬಾಗಿಲಿಗೆ ಒರಗಿಸಿಟ್ಟ. ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು. ಆದರೆ ಆ ಮನೆಯ ಮೇಕೆಗೆ ಯಾವುದಾದರೂ ನೆಟ್ಟಗೆ ನಿಂತಿದ್ದರೆ ಕಣ್ಣು ಕಿಸುರು. ಅದು ಒಂದು ಗುದ್ದು ಕೊಟ್ಟಿತು. ಹಾರೆ ಹೊಸ್ತಿಲಿಗೆ ಅಡ್ಡಲಾಗಿ ಬಿತ್ತು. ಬಾವಿ ತೋಡುವವರಲ್ಲಿ ಹೊಸ್ತಿಲಿಗೆ ಅಡ್ಡ ಹಾರೆಯಿಟ್ಟರೆ ಒಂದೇ ಅರ್ಥ: ಅದನ್ನು ಹಿಡಿದ ಕೈ ಇನ್ನಿಲ್ಲ. ಬಾಗಿಲು ತೆರೆದ ಚೌರಪ್ಪನ ಹೆಂಡತಿ ಜ್ಞಾನಮ್ಮ ಕೂಗಿದ ಕೂಗಿಗೆ ಮಲೆಯ ಆನೆಗಳು ಮೂರು ದಿನ ಕೆಳಗಿಳಿಯಲಿಲ್ಲವಂತೆ.

ಇನ್ನಾಸಪ್ಪ ಅಷ್ಟರಲ್ಲಿ ಒಂದು ಹರದಾರಿ ನಡೆದಿದ್ದ. ಎದುರಿಗೆ ಮುದುಕಿ ಸವರಿಯಮ್ಮ ತಲೆಯ ಮೇಲೆ ಕೊಡ ಹೊತ್ತು ಬರುತ್ತಿದ್ದಳು. ಊರಲ್ಲಿ ಮುಟ್ಟಲು ಯೋಗ್ಯವಾದ ನೀರಿಲ್ಲದ್ದರಿಂದ ಹಬ್ಬದ ತೀರ್ಥಕ್ಕೆ ನೆರೆಯೂರಿಂದ ಅವಳೇ ನೀರು ತರುವುದು. ಒಳದಾರಿ ಹಿಡಿದು ನೆರೆಯೂರಿಗೆ ಸುದ್ದಿ ಒಯ್ಯುತ್ತಿದ್ದವರಿಂದ ವಿಷಯ ತಿಳಿದು ಅಳುತ್ತಲೇ ಬಂದವಳು, ಅವನನ್ನು ಕಂಡು ಕೊಡ ಕೈಬಿಟ್ಟಳು. ಕೊಡ ಚೂರಾಯಿತು, ನೀರು ದೂಳಿನಲ್ಲಿ ಇಂಗಿತು.

"ಅಯ್ಯೋ ನನ್ನಪ್ಪ! ನೀ ಸತ್ತೋಗಿದ್ದೀಯಲ್ಲೋ!"

"ನಾನಾ? ಯಾವಾಗ?"

"ಬೆಳಿಗ್ಗೆ ಕಣೋ! ಹೊಂಡಕ್ಕೆ ಬಿದ್ದಿದ್ದೀಯ ಅಂತ ನಾಲ್ಕು ಜನ ಮುಳುಗಿ ಹುಡುಕ್ತಾವ್ರೆ. ಗುಂಡಿ ಬೇರೆ ತೋಡ್ತಾವ್ರೆ."

"ಯಾರು ತೋಡೋದು?"

"ಇನ್ಯಾರು? ಮಾತು ಬಿಟ್ಟವರೇ ತೋಡಬೇಕು, ಇಲ್ಲಾಂದ್ರೆ ಜಗಳ ಮಣ್ಣಿಗೆ ಹೋಗಲ್ಲ. ಕುಂಟ್ಕೊಂಡು ನಿನ್ನ ತಮ್ಮನೇ ಇಳಿದವ್ನೆ."

ಇನ್ನಾಸಪ್ಪನಿಗೆ ತಾನು ಸತ್ತದ್ದು ಅಷ್ಟು ಆಘಾತವಾಗಲಿಲ್ಲ. ಒಂಟಿ ಕಾಲಿನ ಚೌರಪ್ಪ ಮತ್ತೆ ಗುಂಡಿಗೆ ಇಳಿದಿದ್ದಾನೆ ಎಂದದ್ದು ಎದೆಗೆ ಒದ್ದಂತಾಯಿತು. ಅವನು ಓಡಿದ ಓಟಕ್ಕೆ ನೆರಳು ಹಿಂದುಳಿದು ಸಂಜೆ ಬಂದು ಸೇರಿತೆಂದು ಹೇಳುವವರಿದ್ದಾರೆ. ಅಷ್ಟು ನಂಬಬೇಕಾಗಿಲ್ಲ, ಮಧ್ಯಾಹ್ನಕ್ಕೇ ಸೇರಿರಬೇಕು.

ಏಳು ವರ್ಷ ಪಾಪನಿವೇದನೆಯಿಲ್ಲದೆ ಹೋದವನಿಗೆ ಸಮಾಧಿ ಭೂಮಿಯ ಮಂತ್ರಿಸಿದ ನೆಲದಲ್ಲಿ ಜಾಗ ಕೊಡಲಾಗದೆಂದು ಹಿರಿಯರು ಬೇಲಿಯಾಚೆ ಗುರುತು ಹಾಕಿದ್ದರು. ಅಲ್ಲಿ ಅದುವರೆಗೆ ಯಾರೂ ಗುದ್ದಲಿಯಿಟ್ಟಿರಲಿಲ್ಲ. ಸುತ್ತ ಊರೆಲ್ಲ ತಲೆ ತಗ್ಗಿಸಿ ನಿಂತಿತ್ತು. ಆಳೆತ್ತರ ಮೀರಿದ ಗುಂಡಿಯಲ್ಲಿ ಚೌರಪ್ಪ ಅಣ್ಣನ ಹಾರೆಯಿಂದಲೇ ಅಗೆಯುತ್ತ, ಮಣ್ಣಿನೊಂದಿಗೆ ಮಾತಾಡುತ್ತಿದ್ದ: "ಬಾ ಅಣ್ಣಾ ಅನ್ನೋ ಒಂದು ಮಾತು ಏಳು ವರ್ಷ ಬಾಯಲ್ಲೇ ಇತ್ತು. ಹೊರಗೆ ಬಿಡಲಿಲ್ಲ, ನಾನು ಪಾಪಿ." ಜನರ ಹಿಂದೆ ಬಂದು ನಿಂತ ಇನ್ನಾಸಪ್ಪನ ಕಣ್ಣು ಮೊದಲು ಹೋದದ್ದು ಗುಂಡಿಯ ಗೋಡೆಯ ಮಣ್ಣಿಗೆ. ನೀಲಿ ಜೇಡಿಮಣ್ಣು ಬೆವರುತ್ತಿತ್ತು. ಅಂದೂ ಕುಸಿಯುವ ಮೊದಲು ಹೀಗೇ ಬೆವರಿತ್ತು.

"ಲೋ ಚೌರಾ, ಮೇಲೆ ಬಾ! ಮಣ್ಣು ಸರಿಯಿಲ್ಲ!"

"ತೋಡೋದು ನಾನೋ ನೀನೋ?" ಎಂದು ಚೌರಪ್ಪ ತಲೆಯೆತ್ತದೆ ಸಿಡುಕಿದ. ಆಮೇಲೆ ಆ ದನಿ ಯಾರದೆಂದು ಹೊಳೆದು, ತಲೆಯೆತ್ತಿದ. ಹಾರೆ ಕೈಯಿಂದ ಜಾರಿತು. ಊರು ತಿರುಗಿ ನೋಡಿತು. ಹೆಂಗಸರು ಚೀರಿದರು, ಗುಡಿಯ ಉಪದೇಶಿ ಅರುಳಪ್ಪ ಜಪಮಾಲೆಯನ್ನು ಹಿಂದುಮುಂದಾಗಿ ಹೇಳತೊಡಗಿದ, ಇಬ್ಬರು ಗಟ್ಟಿಮುಟ್ಟಾದ ಗಂಡಸರು ಒಬ್ಬರನ್ನೊಬ್ಬರು ಎತ್ತಿಕೊಂಡರು. ಇನ್ನಾಸಪ್ಪ ಯಾರನ್ನೂ ನೋಡಲಿಲ್ಲ. ಜನರನ್ನು ಸರಿಸಿ ಗುಂಡಿಯ ಅಂಚಿಗೆ ಬಂದ. "ಯೇಸುವೇ, ಈ ಸಲ ನನ್ನ ತಗೋ, ಅವನ ಬಿಡು" ಎಂದು ಅವನು ತನ್ನ ಗೋರಿಗೆ ತಾನೇ ಧುಮುಕಿದ.

ತಮ್ಮನನ್ನು ಹೆಗಲಿಗೇರಿಸಿ ಮೇಲಕ್ಕೆ ನೂಕುವುದಕ್ಕೂ ಗೋಡೆ ಬಾಯಿಬಿಡುವುದಕ್ಕೂ ಸರಿಹೋಯಿತು. ಬಂದದ್ದು ಮಣ್ಣು ಮಾತ್ರವಲ್ಲ, ನೀರು. ಮೊಣಕಾಲಿಗೆ, ಸೊಂಟಕ್ಕೆ, ಕುತ್ತಿಗೆಗೆ ಏರಿ, ಆಮೇಲೆ ಅವನ ತಲೆಯೇ ಕಾಣಲಿಲ್ಲ. ಮೇಲೆ ಬಿದ್ದಿದ್ದ ಚೌರಪ್ಪ ಹೊಟ್ಟೆಯ ಮೇಲೆ ತೆವಳಿ ಬಂದು ತೋಳನ್ನು ಭುಜದವರೆಗೆ ನೀರಿಗಿಳಿಸಿದ. "ಬಾ ಅಣ್ಣಾ!" ಎಂದು ಅರಚಿದ. ಒಳಗಿನ ಕೈ ಅವನ ಕೈಗೆ ಸಿಕ್ಕಿತು. ಹೆಣವಿಳಿಸಲು ತಂದಿದ್ದ ಹಗ್ಗದಿಂದಲೇ ಊರು ಇನ್ನಾಸಪ್ಪನನ್ನು ಮೇಲೆಳೆಯಿತು.

ಕೆಸರು ಉಗುಳುತ್ತ ಕೂತವನ ಮುಂದೆ ಪಾದ್ರಿ ಸ್ವಾಮಿಗಳು ಬಂದು ಕುಕ್ಕರಿಸಿದರು. "ಬರಿದಾದ ಗೋರಿಯ ಬಗ್ಗೆ ನಾಳೆ ಹೇಳಬೇಕೆಂದು ನಲವತ್ತು ದಿನದಿಂದ ಉಪದೇಶ ಸಿದ್ಧಮಾಡಿದ್ದೆ. ನೀನು ಒಂದು ದಿನ ಮೊದಲೇ ಹೇಳಿಬಿಟ್ಟೆಯಲ್ಲಪ್ಪ!" ಎಂದರು.

"ಸ್ವಾಮಿ, ನನಗೆ ಬೇಲಿಯೊಳಗೆ ಜಾಗವಿಲ್ಲ."

"ಜಾಗವಿಲ್ಲವೆಂದು ನಾವು ಗುರುತು ಹಾಕಿದ ಕಡೆಯೇ ಯೇಸು ನೀರಿಟ್ಟಿದ್ದಾನೆ. ತನ್ನ ಕುರಿಗಳಿಗೆ ಜೀವ ಸಿಗಲಿ, ಅದೂ ತುಂಬಿ ತುಳುಕಲಿ ಎಂದು ಬಂದವನು ಬೇಲಿ ನೋಡುತ್ತಾನೆಯೇ? ಏಳು."

ಇನ್ನಾಸಪ್ಪ ಅಲ್ಲೇ, ಒದ್ದೆ ಬಟ್ಟೆಯಲ್ಲೇ ಮೊಣಕಾಲೂರಿ, ಏಳು ವರ್ಷದ ಪಾಪನಿವೇದನೆಯನ್ನು ಒಂದೇ ಸಲಕ್ಕೆ ಮಾಡಿದ. ಸವರಿಯಮ್ಮನ ಕೊಡ ಒಡೆದಿತ್ತಷ್ಟೆ. ಆ ಪಾಸ್ಕದ ತೀರ್ಥಕ್ಕೆ ಗೋರಿಯ ನೀರೇ ಹೋಯಿತು. ಮೊದಲ ಚೊಂಬನ್ನು ಅಣ್ಣನ ಬಾಯಿಗೆ ಹಿಡಿದವನು ಚೌರಪ್ಪ. ಮುಂದೆ ಮೂವತ್ತೊಂದು ವರ್ಷ ಅಣ್ಣತಮ್ಮಂದಿರು ಕೂಡಿ ಬಾವಿ ತೋಡಿದರು. ಮಣ್ಣು ಹೇಗಿದೆ ಎಂಬ ಮಾತು ಮಾತ್ರ ಕೊನೆಯವರೆಗೂ ತಮ್ಮನದೇ ನಡೆಯಿತು.

ಇಂದಿಗೂ ಪಾಸ್ಕದ ಮುನ್ನಾದಿನ ತೀರ್ಥಕ್ಕೆ ನೀರು ಸೇದುವುದು ಇಲ್ಲಿಂದಲೇ. ಆ ಊರಿನಲ್ಲಿ ಮಾತು ಬಿಟ್ಟವರಿದ್ದರೆ ಒಂದೇ ಹಗ್ಗ ಹಿಡಿದು ಸೇದಬೇಕೆಂಬುದು ಕಟ್ಟಳೆ. ಗುಂಡಿಯಿಂದ ಮೇಲೆತ್ತಿದ ಆ ಹಾರೆ ಗುಡಿಯ ಬಾಗಿಲ ಪಕ್ಕ ನೆಟ್ಟಗೆ ನಿಂತಿದೆ. ಮೇಕೆಗಳ ಭಯಕ್ಕೆ ಸರಪಳಿ ಬಿಗಿದಿದ್ದಾರೆ. ಬಾವಿಯ ತಲೆಗೆ ಒಂದು ಕಲ್ಲು. ಗೋರಿಗೆಂದು ಅಂದು ಬೆಳಿಗ್ಗೆಯೇ ಕಲ್ಕುಟಿಗ ಅವಸರದಲ್ಲಿ 'ಇನ್ನಾಸಪ್ಪ' ಎಂದು ಕೆತ್ತಿ ತಂದಿದ್ದ. ಅದರ ಕೆಳಗೆ ಚೌರಪ್ಪ ಉಳಿ ಹಿಡಿದು ತಾನೇ ಕೊರೆದ ಸೊಟ್ಟ ಅಕ್ಷರಗಳನ್ನು ಓದಿದ ಮೇಲೆಯೇ ಬಂದವರು ಮೂರನೆಯ ಚೊಂಬನ್ನು ಕುಡಿದು ಮುಗಿಸುವುದು. 'ಇಲ್ಲಿಲ್ಲ' ಎಂದಿದೆ.