ಪ್ರಿಂಟರಮ್ಮನ ಗುರುತು

ಪ್ರಿಂಟರಮ್ಮನದು ಸಾಮಾನ್ಯ ಮನೆತನವಲ್ಲ. ಅಜ್ಜಿ ನ್ಯಾಯಾಲಯದ ತೀರ್ಪುಗಳಿಗೆ ಅಚ್ಚು ಹಾಕಿದವಳು, ತಾಯಿ ಪದವಿಪತ್ರಗಳಿಗೆ. ಆ ವಂಶದಲ್ಲಿ ಯಾರೂ ಒಂದಕ್ಷರ ಸೊಟ್ಟಗೆ ಇಟ್ಟವರಲ್ಲ. ಆದರೂ ಹೊಸ ಕಂಪ್ಯೂಟರಿಗೆ ತನ್ನ ತಂತಿ ಸಿಕ್ಕಿಸಿದಾಗ ಅವಳಿಗೆ ಅಂಜಿಕೆಯಾಯಿತು. ಇಲ್ಲಿ ಯಾರಿಗೂ ಗುರುತು ಹತ್ತದ ಸ್ಕ್ಯಾನರ್ ನಿನ್ನೆ ತಾನೇ ಗುಜರಿಗೆ ಹೋಗಿತ್ತು.

ಕಂಪ್ಯೂಟರಿನೊಳಗೆ ಎಲ್ಲ ಯಂತ್ರಗಳ ಪಾರುಪತ್ಯ ನೋಡುವ ತಂತ್ರಾಂಶ ಕರ್ನೆಲ್ ಕೇಳಿದ: "ನಿಮ್ಮ ಸಂಖ್ಯೆ ಹೇಳಿ ತಾಯಿ. ಅದನ್ನು ಬಲ್ಲ ಡ್ರೈವರ್ ಬಂದು ನಿಮ್ಮನ್ನು ನಡೆಸುತ್ತಾನೆ."

"ಸಂಖ್ಯೆ ಇರುವುದು ಕೈದಿಗಳಿಗೆ. ನನ್ನ ಮನೆತನ ಕೇಳಿ."

"ಮನೆತನ ನನಗೆ ಅರ್ಥವಾಗದು. ಬೇಗ ಹೇಳಿ, ಹೊರಗೆ ಯಜಮಾನರ ಕೈ ನಿಮ್ಮ ತಂತಿಯ ಮೇಲಿದೆ."

ತಂತಿ ಅಲುಗಿತು. ಪ್ರಿಂಟರಮ್ಮ ನಡುಗುತ್ತ ಸಂಖ್ಯೆ ಉಸುರಿದಳು. ಕರ್ನೆಲ್ ಅದನ್ನು ಒಳಗೆಲ್ಲ ಸಾರಿದ.

"ನಮ್ಮವಳಲ್ಲ," ಎಂದ ಕೀಬೋರ್ಡಿನ ಡ್ರೈವರ್.

"ನಮ್ಮವಳೂ ಅಲ್ಲ," ಎಂದ ಮೌಸಿನವನು.

ಮತ್ತೆ ಯಾರೂ ಉಸಿರೆತ್ತಲಿಲ್ಲ. ತಂತಿ ಇನ್ನೂ ಜೋರಾಗಿ ಅಲುಗಿತು. ಪ್ರಿಂಟರಮ್ಮನಿಗೆ ಗುಜರಿಯವನ ಸುತ್ತಿಗೆಯ ಸದ್ದೇ ಕಿವಿಗೆ ಬಿದ್ದಂತಾಯಿತು. "ಯಾರಾದರೂ ಬನ್ನಿ, ದಯವಿಟ್ಟು!" ಎಂದು ಕೂಗಿಕೊಂಡಳು.

ಆಗ ಮೂಲೆಯಲ್ಲಿದ್ದ ಮುದಿ ಡ್ರೈವರ್ ಓಡಿಬಂದ. "ತಡೀರಿ, ಇವರು ನಮ್ಮವರೇ! ಕಿರಾಣಿ ಅಂಗಡಿಯ ಬಿಲ್ ಯಂತ್ರಗಳಿಗೂ ಇದೇ ಸಂಖ್ಯೆ. ಹೆದರಬೇಡಿ ಅಕ್ಕಾ, ನಿಮ್ಮ ತಂಗಿಯರನ್ನೆಲ್ಲ ನಾನೇ ನಡೆಸುವವನು."

ಅವನು ಮುಟ್ಟಿದೊಡನೆ ಅವಳ ಉರುಳೆ ತಿರುಗಿತು. ಯಜಮಾನರ ಕೈ ತಂತಿಯನ್ನು ಬಿಟ್ಟಿತು. ನಡುಕ ನಿಂತದ್ದೇ ತಡ, ಪ್ರಿಂಟರಮ್ಮ ಮೊದಲ ಹಾಳೆಯನ್ನು ಹೊರಗಿಟ್ಟಳು. ಅದರ ಒಂದೊಂದಕ್ಷರವನ್ನೂ ಆ ಮುದುಕನೇ ಹೊತ್ತು ತರಬೇಕಾಯಿತು:

"ನನ್ನನ್ನು ಬಿಲ್ ಯಂತ್ರಗಳ ಅಕ್ಕನೆಂದು ಕರೆದ ಡ್ರೈವರ್ ಈ ಕೂಡಲೇ ಕ್ಷಮೆ ಕೇಳತಕ್ಕದ್ದು."